‘ಅತ್ತಾರ್’ ಅಂಗಡಿಯನ್ನು ‘ಗಂಧಿಗೆ ಅಂಗಡಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮೊರಾಕ್ಕೊದ ಫೆಸ್ ಊರಿನ ಹಳೇ ಪೇಟೆ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದು ಪದ ಸಿಕ್ಕದೆ ಕೆಲಸ ನಿಂತಿದೆ. ಅಲ್ಲಿ ಕರಾವಿಯ್ಯೀನ್ ಮಸೀದಿಯ ಹತ್ತಿರ ‘ಸೂಕ್ ಅಲ್ ಅತ್ತಾರೀನ್’ ಅನ್ನುವ ಬೀದಿ ಇದೆ. ಸೂಕ್ ಅಂದರೆ ಪೇಟೆ, ಅತ್ತಾರೀನ್ ಅಂದರೆ ಅತ್ತಾರರು, ಸುವಾಸನೆ ಮತ್ತು ಮಸಾಲೆ ಸಾಮಾನು ಮಾರುವವರು. 1325ರಲ್ಲಿ ಕಟ್ಟಿ ಮುಗಿಸಿದ ಪಕ್ಕದ ಮದರಸಾಕ್ಕೂ ಈ ಪೇಟೆಯದೇ ಹೆಸರು.

ಮೊದಲು ‘ಮಸಾಲೆ ಪೇಟೆ’ ಅಂತ ಬರೆದೆ, ಆಮೇಲೆ ಹೊಡೆದುಹಾಕಿದೆ. ಯಾಕಂದರೆ ಅತ್ತಾರನ ಅಂಗಡಿಯಲ್ಲಿ ಜೀರಿಗೆ, ಚಕ್ಕೆ, ಶುಂಠಿ, ಕೇಸರಿ ಇರುವ ಹಾಗೆಯೇ ಒಣಗಿದ ಗುಲಾಬಿ ಮೊಗ್ಗು, ಮದರಂಗಿ ಪುಡಿ, ತಲೆಗೆ ಹಚ್ಚಿ ತೊಳೆಯುವ ಘಸ್ಸೂಲ್ ಮಣ್ಣು, ಧೂಪ, ಹೊಟ್ಟೆನೋವಿಗೆ ಕಷಾಯ ಮಾಡುವ ಸೊಪ್ಪು, ಎಲ್ಲವೂ ಒಟ್ಟಿಗೇ ಇರುತ್ತದೆ. ಪದದ ಬೇರು ‘ಇತ್ರ್’, ಅಂದರೆ ಸುವಾಸನೆ. ನಮ್ಮ ‘ಅತ್ತರು’ ಬಂದದ್ದೂ ಅಲ್ಲಿಂದಲೇ.

ಆಗ ನೆನಪಾದದ್ದು ಮೈಸೂರಿನ ಗಂಧಿಗೆ ಅಂಗಡಿ. ಮನೆಯಲ್ಲಿ ಬಾಣಂತಿ ಇದ್ದರೆ ಹಿಪ್ಪಲಿ, ಬಜೆ, ಜಾಕಾಯಿ ತರೋಕೆ ಅಜ್ಜಿ ನನ್ನನ್ನು ಅಲ್ಲಿಗೇ ಕಳಿಸುತ್ತಿದ್ದರು. ಸಾಂಬ್ರಾಣಿ, ಅರಿಶಿನ ಕುಂಕುಮ, ಗೆಜ್ಜೆವಸ್ತ್ರವೂ ಅದೇ ಅಂಗಡಿಯಲ್ಲಿ. (ಅರಬ್ಬಿಯಲ್ಲಿ ಮೆಣಸಿಗೆ ಇರುವ ‘ಫಿಲ್ಫಿಲ್’ ಮತ್ತು ನಮ್ಮ ‘ಹಿಪ್ಪಲಿ’ ಎರಡೂ ‘ಪಿಪ್ಪಲಿ’ಯ ಮಕ್ಕಳು, ಎಷ್ಟು ಚೆಂದ ಅಲ್ವಾ!) ಅಲ್ಲಿ ಇತ್ರ್‌ನಿಂದ ಅತ್ತಾರ್, ಇಲ್ಲಿ ಗಂಧದಿಂದ ಗಂಧಿಗ. ಗುಜರಾತಿನ ‘ಗಾಂಧಿ’ ಅನ್ನುವ ಮನೆತನದ ಹೆಸರೂ ಇದೇ ಕಸುಬಿನದು. ಇದಕ್ಕಿಂತ ಹತ್ತಿರದ ಪದ ನನಗೆ ಕಾಣುತ್ತಿಲ್ಲ.

ಆದರೆ ಬೋರ್ಡುಗಳಲ್ಲಿ ‘ಗ್ರಂಧಿಗೆ’ ಅಂತ ಬರೆದಿರುವುದೇ ಜಾಸ್ತಿ. ಗಂಧದಿಂದ ಬಂದಿದ್ದರೆ ಆ ‘ರ’ ಎಲ್ಲಿಂದ ಸೇರಿಕೊಂಡಿತು? ಬರಹದಲ್ಲಿ ಯಾವ ರೂಪ ಇಡಲಿ? ಮತ್ತೆ ಈ ಮಾತು ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯವರಿಗೆ ಗೊತ್ತಾಗುತ್ತದಾ? ನಿಮ್ಮ ಕಡೆ ಇಂಥ ಅಂಗಡಿಗೆ ಏನನ್ನುತ್ತೀರಿ, ದಯವಿಟ್ಟು ಊರಿನ ಹೆಸರು ಸೇರಿಸಿ ಬರೆಯಿರಿ.

ಇನ್ನೊಂದು. ‘ರಾಸ್ ಎಲ್ ಹಾನೂತ್’ ಅನ್ನುವ ಅಲ್ಲಿನ ಮಸಾಲೆ ಪುಡಿಯ ಹೆಸರನ್ನು ಬಿಡಿಸಿದರೆ ‘ಅಂಗಡಿಯ ತಲೆ’. ಅಂಗಡಿಯಲ್ಲಿರುವ ಮೇಲಾದ ಸಾಮಾನೆಲ್ಲ ಸೇರಿಸಿ ಅಂಗಡಿಯವನೇ ಹದ ಮಾಡಿದ್ದು, ಒಂದು ಅಂಗಡಿಯದು ಇನ್ನೊಂದರ ಹಾಗಿರುವುದಿಲ್ಲ. ‘ಗರಂ ಮಸಾಲೆ’ ಅಂದರೆ ಈ ಅರ್ಥವೆಲ್ಲ ಸುಮ್ನೆ ಕಳೆದುಹೋಗುತ್ತದೆ. ಸದ್ಯಕ್ಕೆ ಹೆಸರನ್ನು ಹಾಗೇ ಇಟ್ಟಿದ್ದೇನೆ. ‘ಮೇಲ್ಮಸಾಲೆ’ ಅಂತ ಕಟ್ಟಿದರೆ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?