ಉಲೋ ಬ್ಲೂರೇ: ತಲೆ ಕಟ್ ಆಗ್ತಿದೆ, ಬಾಗಿಲ ಸದ್ದು ಕೇಳ್ತಿಲ್ಲ, ಹೆಲ್ಪ್ ಮಾಡಿ

ಸಂಜೆ_ಶೋ:
ನಮಸ್ಕಾರ ಎಲ್ರಿಗೂ. ಫ್ರೆಂಚ್ ಕಾಮಿಡಿ ಡೈರೆಕ್ಟರ್ ಜಾಕ್ ತಾತಿಯ 1953ರ 'ಲೆ ವಕಾನ್ಸ್ ದ ಮಸ್ಯೋ ಉಲೋ' ರಿಸ್ಟೋರ್ ಆಗಿರೋ ಬ್ಲೂರೇ ತರಿಸ್ದೆ, ಹಿಂದೆ ಡಿವಿಡಿಲಿ ಎಷ್ಟೋ ಸಲ ನೋಡಿರೋದು, ಅಮ್ಮಂಗೆ ಫ್ರೆಂಚೂ ಬರಲ್ಲ ಇಂಗ್ಲಿಷ್ ಸಬ್‌ಟೈಟಲೂ ಓದಕ್ಕಾಗಲ್ಲ, ಆದ್ರೂ ಇದಕ್ಕೆ ಮಾತೇ ಬೇಡ ಅಂತ ಪಕ್ಕದಲ್ಲಿ ಕೂರಿಸ್ಕೊಂಡೆ. ನೋಡಿದ್ರೆ ಪಿಕ್ಚರ್ ಟಿವಿ ಪೂರ್ತಿ ತುಂಬ್ಕೊಂಡಿದೆ, ಹೀರೋ ಉಲೋ ಎದ್ದು ನಿಂತ್ರೆ ಹ್ಯಾಟೇ ಕಾಣಲ್ಲ. ಮುಖಗಳು ಮೇಣದ ಗೊಂಬೆ ಥರ, ಓಡಾಟ ಎಲ್ಲ ಸೀರಿಯಲ್ ಥರ ನುಣುಪು. ಇನ್ನೊಂದು ನಂಗೆ ತುಂಬಾ ಬೇಜಾರಾಗಿದ್ದು, ಹೋಟೆಲಿನ ಊಟದ ಹಾಲ್ ಬಾಗಿಲು ಆಡಿದಾಗ್ಲೆಲ್ಲ ಬರೋ ಆ 'ಟುಂಯ್' ಸದ್ದು ಎಲ್ಲೋ ಮುಳುಗಿ ಹೋಗಿದೆ. ಡಿಸ್ಕೇ ಕೆಟ್ಟಿದ್ಯಾ? ವಾಪಸ್ ಕಳಿಸ್ಲಾ?

ಹಳೇ_ರೀಲು:
ಕಳಿಸ್ಬೇಡಿ ಸರ್, ಸ್ವಲ್ಪ ತಡೀರಿ. ಮುಖ ಅಡ್ಡಡ್ಡ ಎಳ್ದಂಗೆ ದಪ್ಪ ಕಾಣ್ತಿದ್ಯಾ, ಅಥ್ವಾ ಆಕಾರ ಸರಿಯಾಗಿದ್ದು ಮೇಲೆ ಕೆಳಗೆ ಮಾತ್ರ ಕಟ್ಟಾ? ಸೌಂಡ್ ಎಲ್ಲಿಂದ ಬರ್ತಿದೆ?

ಸಂಜೆ_ಶೋ:
ಆಕಾರ ಸರಿಯಿದೆ, ಮೇಲೆ ಕೆಳಗೆ ಕಟ್. ಪ್ಲೇಯರ್ ಎಚ್‌ಡಿಎಂಐ 2ರಲ್ಲಿ, ಸೌಂಡ್ ಸೌಂಡ್‌ಬಾರಿಂದ. ಟಿವಿನ ಹೋದ ವಾರ ತಾನೇ ಸಿನಿಮಾ ಮೋಡಿಗೆ ಹಾಕಿದ್ದೆ, ಅದಕ್ಕೇ ಅದರ ಮೇಲೆ ಅನುಮಾನ ಬರ್ಲಿಲ್ಲ.

ಹಳೇ_ರೀಲು:
ಹಾಗಾದ್ರೆ ಡಿಸ್ಕ್ ಚೆನ್ನಾಗೇ ಇದೆ, ಟಿವಿ ಜೂಮ್ ಮಾಡ್ತಿದೆ. ಈ ಸಿನಿಮಾ 1.37 ಅನುಪಾತದ್ದು, ಅಂದ್ರೆ ಅಗಲ ಎತ್ತರದ 1.37 ಪಟ್ಟು, ಈಗಿನ ಟಿವಿಗಿಂತ ಚೌಕ. ಬ್ಲೂರೇಲಿ 1920 ಅಗಲದ ಫ್ರೇಮ್ ಒಳಗೇ ಎರಡೂ ಕಡೆ ಸುಮಾರು 220 ಪಿಕ್ಸೆಲ್ ಕಪ್ಪು ಪಟ್ಟಿ ಸೇರಿಸಿ ಇಟ್ಟಿರ್ತಾರೆ, ಅಂದ್ರೆ ಪಟ್ಟಿ ಕಾಣ್ತಿಲ್ಲ ಅಂದ್ರೆ ಯಾರೋ ಅದನ್ನ ಹೊರಗೆ ತಳ್ಳಿದಾರೆ ಅಂತ್ಲೇ ಅರ್ಥ. ಅಷ್ಟು ಜೂಮ್ ಮಾಡಿದ್ರೆ ಎತ್ತರದಲ್ಲಿ ನಾಲ್ಕನೇ ಒಂದು ಭಾಗದ ಹತ್ರ ಹೋಗತ್ತೆ. ಬೇರೆ ಸಿನಿಮಾ ಆಗಿದ್ರೆ ಹೋಗ್ಲಿ ಅನ್ಬೋದಿತ್ತು, ತಾತಿದು ಹಂಗಲ್ಲ, ಕ್ಲೋಸಪ್ಪಲ್ಲಿ ಇಲ್ನೋಡಿ ನಗಿ ಅಂತ ತೋರಿಸೋದೇ ಇಲ್ಲ, ದೂರದಲ್ಲಿ ಕ್ಯಾಮೆರಾ ಇಟ್ಟು ಫ್ರೇಮಿನ ಮೂಲೆಲೆಲ್ಲೋ ಏನೋ ನಡೆಸ್ತಾನೆ, ಹುಡುಕ್ಕೊಳೋದು ನಮ್ಮ ಕೆಲಸ. ಗಾಡಿ ಕೊಕ್ಕೆಯಿಂದ ಮಿಠಾಯಿ ಮೆಲ್ಲಗೆ ಜಾರ್ತಿರತ್ತಲ್ಲ, ಅದು ಇನ್ನೇನು ನೆಲ ಮುಟ್ಟತ್ತೆ ಅನ್ನೋದು ಕಂಡ್ರೆ ತಾನೆ ನಗು.

ರಿಮೋಟಲ್ಲಿ ಆಸ್ಪೆಕ್ಟ್ ಅಥ್ವಾ ಪಿಕ್ಚರ್ ಸೈಜ್ ಅಂತಿರತ್ತೆ, ಅದನ್ನ 16:9ಕ್ಕೆ ಹಾಕಿ, 'ಒರಿಜಿನಲ್' 'ಜಸ್ಟ್ ಸ್ಕ್ಯಾನ್' ಥರದ್ದು ಇದ್ರೆ ಅದೇ ಒಳ್ಳೇದು, ಅಂಚೂ ಕಟ್ಟಾಗಲ್ಲ. 4:3 ಮಾತ್ರ ಹಾಕ್ಬೇಡಿ, ಪಟ್ಟಿ ಸಮೇತ ಹಿಂಡಿ ಎಲ್ರೂ ಸಣಕಲಾಗ್ತಾರೆ. ಆಮೇಲೆ ಹೋದ ವಾರದ ಸಿನಿಮಾ ಮೋಡ್, ಅದನ್ನ ಯಾವ ಇನ್‌ಪುಟ್ಟಲ್ಲಿ ಇದ್ದಾಗ ಹಾಕಿದ್ರಿ? ತುಂಬಾ ಟಿವಿಗಳಲ್ಲಿ ಸೆಟ್ಟಿಂಗ್ ಒಂದೊಂದು ಇನ್‌ಪುಟ್ಟಿಗೂ ಬೇರೆ ಬೇರೆ. ಎಚ್‌ಡಿಎಂಐ 2ರಲ್ಲಿ ಇದ್ದಾಗ್ಲೇ ಮೋಷನ್ ಸ್ಮೂದಿಂಗ್ ಆಫ್, ನಾಯ್ಸ್ ರಿಡಕ್ಷನ್ ಆಫ್ ಮಾಡಿ, ಶಾರ್ಪ್‌ನೆಸ್ ಇಳಿಸಿ. ಸೆಕೆಂಡಿಗೆ 24 ಫ್ರೇಮಲ್ಲಿ ತೆಗೆದಿದ್ದಕ್ಕೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ಸೇರಿಸ್ತಿದೆ, ಅದಕ್ಕೇ ಆ ನುಣುಪು. ಫಿಲ್ಮಲ್ಲಿ ಸಹಜವಾಗಿರೋ ಸಣ್ಣ ಕಾಳು, ಅಂದ್ರೆ ಗ್ರೇನನ್ನ ಕೊಳೆ ಅನ್ಕೊಂಡು ಒರೆಸ್ತಿದೆ, ಅದಕ್ಕೇ ಮೇಣ.

ಸೌಂಡ್‌ಬಾರಲ್ಲಿ ಕ್ಲಿಯರ್ ವಾಯ್ಸ್ ಥರ ಏನಾದ್ರೂ ಆನ್ ಇದ್ಯಾ ನೋಡಿ. ಅದು ಮಾತನ್ನ ಮೇಲೆತ್ತಿ ಮಿಕ್ಕಿದ್ದನ್ನ ಕೆಳಗಿಳಿಸತ್ತೆ, ಇಲ್ಲಿ ಉಲ್ಟಾ, ಮಾತು ಬರೀ ಗುಜುಗುಜು, ಬಾಗಿಲೇ ಪಾತ್ರ. ಮೊದಲ ರೈಲ್ವೆ ಸ್ಟೇಷನ್ ಸೀನಲ್ಲಿ ಅನೌನ್ಸ್‌ಮೆಂಟ್ ಒಂದಕ್ಷರ ಅರ್ಥ ಆಗ್ದೆ ಜನ ಆ ಪ್ಲಾಟ್‌ಫಾರ್ಮಿಂದ ಈ ಪ್ಲಾಟ್‌ಫಾರ್ಮಿಗೆ ಓಡ್ತಾರಲ್ಲ, ಅದನ್ನ ಸ್ಪಷ್ಟ ಮಾಡಕ್ಕೆ ಹೋದ್ರೆ ಏನು ಉಳಿಯತ್ತೆ? ಸರೌಂಡೂ ಆಫ್ ಮಾಡಿ, ಇದು ಮೋನೋ, ಅಂದ್ರೆ ಒಂದೇ ಚಾನಲ್ಲಿನ ಟ್ರ್ಯಾಕು.

ಸಂಜೆ_ಶೋ:
ಅಯ್ಯೋ ಹೌದು, ಸಿನಿಮಾ ಮೋಡ್ ಸೆಟ್‌ಟಾಪ್ ಬಾಕ್ಸಿಗೆ ಹಾಕಿದ್ದೆ! ರಾತ್ರಿ ನೋಡ್ತೀನಿ. ಒಂದು ಡೌಟು, ಎಲ್ಲೋ ಓದಿದ್ದಕ್ಕಿಂತ ಸಿನಿಮಾ ಹತ್ತು ನಿಮಿಷ ಕಮ್ಮಿ ಇದೆಯಲ್ಲ?

ಕಡಲ_ತಡಿ:
ಅದು ಕಟ್ ಮಾಡಿರೋ ಡಿಸ್ಕ್ ಅಲ್ಲ. ತಾತಿ ಈ ಸಿನಿಮಾನ ಬಿಡ್ಲೇ ಇಲ್ಲ, ವರ್ಷಗಟ್ಲೆ ತಿದ್ದುತ್ಲೇ ಇದ್ದ, ಕೊನೇ ರೂಪ 1978ರದ್ದು, 2009ರ ರಿಸ್ಟೋರೇಷನ್ನೂ ಅದರದ್ದೇ. ಉಲೋ ಕೂತಿರೋ ದೋಣಿ ಮಧ್ಯಕ್ಕೆ ಮಡಚ್ಕೊಂಡು ಶಾರ್ಕ್ ಬಾಯಿ ಥರ ಆಗಿ ಬೀಚಲ್ಲಿ ಜನ ಹೆದರಿ ಓಡ್ತಾರಲ್ಲ, ಆ ಗಾಬರಿ ಶಾಟ್‌ಗಳು 1953ರಲ್ಲಿ ಇರ್ಲಿಲ್ಲ, ಶಾರ್ಕ್ ಸಿನಿಮಾ 'ಜಾಸ್' ಬಂದ್ಮೇಲೆ ಸಿನಿಮಾ ಶೂಟ್ ಮಾಡಿದ್ದ ಅದೇ ಸೇನ್ ಮಾರ್ಕ್ ಸ್ಯುರ್ ಮೇರ್ ಊರಿಗೆ ವಾಪಸ್ ಹೋಗಿ ತೆಗೆದು ಸೇರಿಸಿದ್ದು. ಇಪ್ಪತ್ತೈದು ವರ್ಷ ಆದ್ಮೇಲೂ ಒಂದು ನಗುಗೋಸ್ಕರ ಅಲ್ಲಿಗೆ ಹೋದ ಮನುಷ್ಯ. ಕೆಲವು ಡಿಸ್ಕಲ್ಲಿ 1953ರ ರೂಪನೂ ಎಕ್ಸ್‌ಟ್ರಾ ಆಗಿ ಇರತ್ತೆ, ಮೆನು ಒಳಗೆ ಹುಡುಕಿ.

ಸಂಜೆ_ಶೋ:
ಎಲ್ಲಾ ಸರಿ ಹೋಯ್ತು, ಹಳೇ_ರೀಲು ಸರ್ ನಿಮಗೆ ದೊಡ್ಡ ಥ್ಯಾಂಕ್ಸ್. ಕ್ಲಿಯರ್ ವಾಯ್ಸ್ ಆನೇ ಇತ್ತು. ಪಟ್ಟಿ ಬಂತು, ಹ್ಯಾಟೂ ಬಂತು, ಮರಳಿನ ಮೇಲಿನ ಬಿಸಿಲು ಡಿವಿಡಿಲಿ ಬರೀ ಬಿಳಿ ಇತ್ತು ಈಗ ಹೆಜ್ಜೆ ಗುರುತೂ ಕಾಣತ್ತೆ. ಅಮ್ಮ ಮೊದಲ ಸಲ 'ಟುಂಯ್' ಅಂದಾಗ ನಮ್ಮ ಅಡುಗೆಮನೆ ಕಡೆ ತಿರುಗಿ ನೋಡಿದ್ರು, ಮೂರನೇ ಸಲಕ್ಕೆ ಬಾಗಿಲು ಆಡೋಕೆ ಮುಂಚೆನೇ ನಗ್ತಿದ್ರು. 1953ರ ರೂಪನೂ ಮೆನುಲಿ ಸಿಕ್ತು, ಭಾನುವಾರ ಅದನ್ನೂ ಹಾಕು ಅಂದಿದಾರೆ.