ಪದಚರ್ಚೆ: ಮೂಲ, ಆಕರ, ಜಾಡು ಇವುಗಳಲ್ಲಿ ಯಾವುದು ಎಲ್ಲಿಗೆ?

ಪ್ರಶ್ನೆ: ಮಾಹಿತಿ ಪರಿಶೀಲನೆಯ ಕೈಪಿಡಿಯೊಂದರ ಕನ್ನಡ ಕರಡಿನಲ್ಲಿ ಸೋರ್ಸ್, ಒರಿಜಿನ್, ಪ್ರಾವನೆನ್ಸ್ (ಮಾಹಿತಿ ಕೈಯಿಂದ ಕೈಗೆ ಬಂದ ದಾರಿ) ಮೂರಕ್ಕೂ ‘ಮೂಲ’ ಎಂದೇ ಹಾಕಿದ್ದಾರೆ. ರಿಲಯಬಿಲಿಟಿ, ಕ್ರೆಡಿಬಿಲಿಟಿ ಎರಡಕ್ಕೂ ‘ವಿಶ್ವಾಸಾರ್ಹತೆ’. ಹೀಗಾಗಿ ‘ಮೂಲದ ಮೂಲವನ್ನು ದಾಖಲಿಸಿ’ ಎಂಬಂಥ ವಾಕ್ಯಗಳು ಬಂದಿವೆ. ಬಳಕೆಯಲ್ಲಿರುವ ಪದಗಳಲ್ಲೇ ಇವನ್ನು ಬೇರ್ಪಡಿಸಬಹುದೇ? ಹೊಸದು ಕಟ್ಟಲೇಬೇಕೇ?

ಉತ್ತರ: ಹೊಸದು ಬೇಡ. ಬಳಕೆಯಲ್ಲಿರುವ ಪದಗಳೇ ಈ ಕೆಲಸಕ್ಕೆ ಸಾಕು.

ನೀವು ಮಾಹಿತಿಯನ್ನು ಎಲ್ಲಿಂದ ತೆಗೆದುಕೊಂಡಿರೋ ಅದು ‘ಆಕರ’ (ಸೋರ್ಸ್). ಆ ಮಾಹಿತಿ ಮೊದಲು ಹುಟ್ಟಿದ ಕಡೆ ‘ಮೂಲ’ (ಒರಿಜಿನ್). ನಡುವೆ ಅದು ಯಾರ್ಯಾರ ಕೈದಾಟಿ, ಏನೇನು ಬದಲಾಗಿ ಬಂತು ಎಂಬುದು ‘ಬಂದ ಜಾಡು’; ಕೋಷ್ಟಕದ ತಲೆಬರಹಕ್ಕೆ ‘ಜಾಡು’ ಎಂದರೆ ಸಾಕು. ಪ್ರಾವನೆನ್ಸ್‌ಗೆ ‘ಹಿನ್ನೆಲೆ’ ಎಂದು ಬರೆಯುವವರಿದ್ದಾರೆ. ಅದು ತೀರಾ ಸಡಿಲ, ಏನನ್ನು ಬೇಕಾದರೂ ಹಿನ್ನೆಲೆ ಎನ್ನಬಹುದು. ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿ, ಅಂದರೆ ವ್ಯಾಜ್ಯಗಳ ಭಾಗದಲ್ಲಿ, ಸ್ವತ್ತು ಕೈಗೆ ಬಂದ ಬಗೆಗೆ ‘ಆಗಮ’ ಎಂಬ ಒಳ್ಳೆಯ ಪದವಿತ್ತು, ಆದರೆ ಇಂದಿನ ಓದುಗರು ಅದನ್ನು ಕಂಡರೆ ನೇರ ದೇವಸ್ಥಾನಕ್ಕೆ ಹೋಗುತ್ತಾರೆ.

ಈ ಬೇರ್ಪಾಡು ಯಾಕೆ ಬೇಕೆಂದರೆ, ಒಂದೇ ಸುದ್ದಿಸಂಸ್ಥೆಯ ವರದಿಯನ್ನು ನಾಲ್ಕು ಪತ್ರಿಕೆಗಳು ಅಚ್ಚು ಹಾಕಿದರೆ ಆಕರಗಳು ನಾಲ್ಕು, ಮೂಲ ಒಂದೇ. ‘ನಾಲ್ಕು ಮೂಲಗಳು ಖಚಿತಪಡಿಸಿವೆ’ ಎಂದು ಬರೆದರೆ ಲೆಕ್ಕವೇ ತಪ್ಪು. ಹಸ್ತಪ್ರತಿಗಳ ಸಂಪಾದನೆಯಲ್ಲೂ ಇದೇ ನಿಯಮ: ಉಳಿದಿರುವ ಒಂದು ಪ್ರತಿಯನ್ನೇ ನೋಡಿ ನಕಲು ಮಾಡಿದ ಪ್ರತಿಗೆ ಪಾಠನಿರ್ಣಯದಲ್ಲಿ, ಅಂದರೆ ಸರಿಯಾದ ಪಾಠ ಯಾವುದೆಂದು ತೀರ್ಮಾನಿಸುವಾಗ, ಸ್ವತಂತ್ರ ಸಾಕ್ಷಿಯ ಬೆಲೆ ಇಲ್ಲ. ಎರಡರಲ್ಲೂ ಒಂದೇ ವಿಚಿತ್ರ ತಪ್ಪು ಕಂಡರೆ ನಕಲಿನ ಸುಳಿವು ಸಿಕ್ಕಂತೆ. ಸುದ್ದಿಯಲ್ಲೂ ಹೆಸರಿನ ಅದೇ ತಪ್ಪು ಕಾಗುಣಿತ, ಅದೇ ತಪ್ಪು ಅಂಕಿ ಎರಡು ಕಡೆ ಕಂಡರೆ ಜಾಡು ಒಂದೇ ಇರಬಹುದೆಂದು ಅನುಮಾನಿಸಿ.

ವಿಶ್ವಾಸಾರ್ಹತೆಯ ಗೊಂದಲ ಇನ್ನೂ ದೊಡ್ಡದು. ನೇಟೋ ಒಕ್ಕೂಟದ ಸೇನೆಗಳು ಗುಪ್ತ ಮಾಹಿತಿಯನ್ನು ತೂಗಲು ಬಳಸುವ ಅಡ್ಮಿರಾಲ್ಟಿ ಕ್ರಮದಲ್ಲಿ ಹೇಳಿದವರಿಗೆ ಎ ಇಂದ ಎಫ್‌ವರೆಗಿನ ಅಕ್ಷರ, ಹೇಳಿದ ಸಂಗತಿಗೆ 1ರಿಂದ 6ರವರೆಗಿನ ಅಂಕಿ ಕೊಡುತ್ತಾರೆ. ಎರಡನ್ನೂ ಬೇರೆ ಬೇರೆಯಾಗಿಯೇ ತೂಗಬೇಕು. ಸದಾ ನಂಬಬಹುದಾದವರೂ ಒಮ್ಮೆ ಸಂಶಯದ ಸಂಗತಿ ಹೇಳಬಹುದು, ಅದು ಎ4. ಸುಳ್ಳುಗಾರನೆಂದು ಹೆಸರಾದವನ ಮಾತು ಬೇರೆ ಸ್ವತಂತ್ರ ಮೂಲಗಳಿಂದ ದೃಢಪಟ್ಟರೆ ಇ1. ಆದ್ದರಿಂದ ಅಕ್ಷರಕ್ಕೆ (ರಿಲಯಬಿಲಿಟಿ) ‘ಆಕರದ ನಂಬಿಕಾರ್ಹತೆ’, ಅಂಕಿಗೆ (ಕ್ರೆಡಿಬಿಲಿಟಿ) ‘ಸಂಗತಿಯ ಸಂಭಾವ್ಯತೆ’ ಎನ್ನಿ. ಎರಡು ಕಡೆಯೂ ‘ನಂಬಿಕೆ’ ಬಂದರೆ ತುಂಬುವವರು ಎ ಕಂಡ ಕೂಡಲೇ ಕಣ್ಣುಮುಚ್ಚಿ 1 ಹಾಕುತ್ತಾರೆ.

ಅನುವಾದದಲ್ಲಿ ಎಫ್‌ ವಿಷಯಕ್ಕೆ ಎಚ್ಚರ ಬೇಕು. ಅದು ‘ನಂಬಲಾಗದ್ದು’ ಅಲ್ಲ, ಅದಕ್ಕೆ ಇ ಇದೆ. ಎಫ್ ಎಂದರೆ ‘ಅಳೆಯಲು ಆಧಾರವಿಲ್ಲ’. 6 ಕೂಡ ಹಾಗೆಯೇ. ಮೊದಲ ಸಲ ಮಾಹಿತಿ ಕೊಡುತ್ತಿರುವ ಅಪರಿಚಿತರೆಲ್ಲ ಎಫ್‌ಗೇ ಸೇರುತ್ತಾರೆ, ಅವರನ್ನು ಸುಳ್ಳುಗಾರರ ಸಾಲಿಗೆ ತಳ್ಳಬಾರದು.

‘ಆಪ್ತ’ ಪದವನ್ನು ಯಾರಾದರೂ ಸೂಚಿಸಬಹುದು. ನ್ಯಾಯದರ್ಶನದಲ್ಲಿ ಆಪ್ತನೆಂದರೆ ವಿಷಯ ಬಲ್ಲ, ಬಲ್ಲದ್ದನ್ನು ಇದ್ದಂತೆ ಹೇಳುವ ವ್ಯಕ್ತಿ. ಆತನ ಉಪದೇಶವೇ ಶಬ್ದಪ್ರಮಾಣ, ಅಂದರೆ ಮಾತಿನಿಂದ ಸಿಗುವ ಪ್ರಮಾಣ. ಇಂದಿನ ‘ಆಪ್ತ ಮೂಲಗಳು’ ಅಂದರೆ ಮುಖಂಡರ ಹತ್ತಿರದವರು, ಅಷ್ಟೆ. ಕೈಪಿಡಿಯಲ್ಲಿ ಬೇಡವೇ ಬೇಡ.

ಜಾಡಿನ ಅಂಕಣದಲ್ಲಿ ಕೊಂಡಿಯೊಂದನ್ನೇ ಅಂಟಿಸಿದರೆ ಸಾಲದು. ಯಾರು, ಯಾವಾಗ, ಏನು ಮಾಡಿದರು ಎಂಬುದು ಪ್ರತಿ ಹೆಜ್ಜೆಗೂ ಬೇಕು: ಅನುವಾದಿಸಿದರೇ, ಅಂಕಿಯನ್ನು ದುಂಡಗೆ ಮಾಡಿದರೇ, ಚಿತ್ರದ ಅಂಚು ಕತ್ತರಿಸಿದರೇ. ವೆಬ್‌ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2013ರಲ್ಲಿ ಹೊರತಂದ, ಮಾಹಿತಿಯ ಜಾಡು ದಾಖಲಿಸುವ ಪ್ರಾವ್ ಮಾನಕವೂ ವಸ್ತು, ಕ್ರಿಯೆ, ಕರ್ತೃ ಎಂಬ ಮೂರರ ಮೇಲೆಯೇ ನಿಂತಿದೆ, ನಮ್ಮ ವ್ಯಾಕರಣ ಓದಿದವರಿಗೆ ಕಷ್ಟವಾಗದು. ದಿನಾಂಕಕ್ಕೆ ಎರಡು ಅಂಕಣ ಇಡಿ, ಪ್ರಕಟವಾದದ್ದು ಮತ್ತು ನೀವು ನೋಡಿದ್ದು. ಪುಟ ಆಮೇಲೆ ತಿದ್ದುಪಡಿಯಾದರೆ ಎರಡನೆಯದೇ ಕೈಹಿಡಿಯುತ್ತದೆ.

ಮತ್ತೊಬ್ಬರ ಸೇರ್ಪಡೆ: ಮೇಲಿನದಕ್ಕೆ ಒಪ್ಪಿಗೆಯಿದೆ. ‘ಅಂತೆ’ಯನ್ನು ಮಾತ್ರ ಮರೆಯಬೇಡಿ. ‘ಬಂದ’ ಎಂದರೆ ಹೇಳುವವರು ತಮ್ಮದೇ ಹೊಣೆಯಲ್ಲಿ ಹೇಳುತ್ತಿದ್ದಾರೆ. ‘ಬಂದನಂತೆ’ ಎಂದರೆ ಕೇಳಿದ ಮಾತು, ಇನ್ನೊಬ್ಬರಿದ್ದಾರೆ. ಹೇಳಿಕೆಯನ್ನು ಬರಹಕ್ಕಿಳಿಸುವಾಗ ‘ಅಂತೆ’ ಆಡುಮಾತೆಂದು ಕಿತ್ತುಹಾಕಿದರೆ ಜಾಡಿನ ಒಂದು ಹೆಜ್ಜೆ ಅಳಿದುಹೋಗುತ್ತದೆ. ಅದರ ಬದಲಿಗೆ ಬರುವ ‘ಎನ್ನಲಾಗಿದೆ’ ಕೂಡ ಕೇಳಿದ ಮಾತೆಂಬುದನ್ನು ಉಳಿಸಿ, ಅಂದವರನ್ನು ಮರೆಮಾಡುತ್ತದೆ. ಕ್ರಿಯಾಪದವನ್ನು ಹೇಳಿದಂತೆಯೇ ಬರೆದುಕೊಂಡು, ‘ಅಂತೆ’ ಬಂದಲ್ಲೆಲ್ಲ ‘ಯಾರು ಹೇಳಿದ್ದು?’ ಎಂದು ಅಲ್ಲೇ ಕೇಳಿ, ಉತ್ತರವನ್ನು ಜಾಡಿನ ಅಂಕಣಕ್ಕೆ ಹಾಕಿ.