ಸಂಪಾದಕರನ್ನು ಕೇಳಿ: ಕಥೆಯಲ್ಲಿ ಸಸ್ಪೆನ್ಸ್

ಹಾಸನದ ಸದಸ್ಯೆ: ನಮಸ್ಕಾರ ಸರ್. ನನ್ನ ಕಥೆಯಲ್ಲಿ ಆಸ್ತಿಗೋಸ್ಕರ ತಮ್ಮನೊಬ್ಬ ಅಣ್ಣನ ಕಷಾಯಕ್ಕೆ ವಿಷ ಹಾಕುತ್ತಾನೆ. ಅದು ಗೊತ್ತಾಗೋದು ಕೊನೆಯ ಪುಟದಲ್ಲಿ. ಓದಿದವರು "ಕೊನೆ ಚೆನ್ನಾಗಿದೆ, ಮಧ್ಯೆ ಬೋರು" ಅಂತಾರೆ.

ಸಂಪಾದಕರು: ನಮಸ್ಕಾರ ಮೇಡಂ. ವಿಷದ ವಿಚಾರ ಮೊದಲ ಪುಟದಲ್ಲೇ ಹೇಳಿಬಿಡಿ. 1962ರಲ್ಲಿ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ ಹಿಚ್‌ಕಾಕ್, ಫ್ರೆಂಚ್ ನಿರ್ದೇಶಕ ತ್ರುಫೋಗೆ ಕೊಟ್ಟ ಸಂದರ್ಶನದಲ್ಲಿ ಇದೇ ಲೆಕ್ಕ ಇದೆ. ಮೇಜಿನ ಕೆಳಗಿನ ಬಾಂಬು ದಿಢೀರಂತ ಸಿಡಿದರೆ ನೋಡುವವರು 15 ಸೆಕೆಂಡು ಬೆಚ್ಚುತ್ತಾರೆ. ಬಾಂಬು ಇರೋದು ಮೊದಲೇ ಗೊತ್ತಿದ್ದರೆ 15 ನಿಮಿಷ ಚಡಪಡಿಸುತ್ತಾರೆ.

ಈಗ ನಿಮ್ಮ ಕಷಾಯ. ಅಣ್ಣ ಲೋಟ ಎತ್ತುವಾಗ ಫೋನ್ ಬರಲಿ. ಮಾತಾಡುತ್ತಾ ಜಗಲಿಗೆ ಹೋಗಲಿ. ಆರಿಹೋಗುತ್ತೆ ಅಂತ ಅತ್ತಿಗೆ ತಟ್ಟೆ ಮುಚ್ಚಲಿ. ಶೀತ ಆಗಿರೋ ಮಗುವಿಗೆ ಕುಡಿಸೋಣ ಅಂತ ಅಜ್ಜಿ ಅದೇ ಲೋಟ ಎತ್ತಿಕೊಳ್ಳಲಿ. ತಮ್ಮ ಅಲ್ಲೇ ಕೂತಿದ್ದಾನೆ. ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಾನೆ, ಬಿಡದಿದ್ದರೆ ಮಗು ಹೋಗುತ್ತೆ. ನಿಮ್ಮ ಕಥೆ ಇರೋದು ಇಲ್ಲಿ. ಅವನಿಗೆ ಆ ಮಗು ಅಂದ್ರೆ ಪ್ರಾಣ ಅನ್ನೋದನ್ನು ಮಾತ್ರ ಮುಂಚೆಯೇ ತೋರಿಸಿ.

ಮೈಸೂರಿನ ಸದಸ್ಯ: ಸರ್, ಸಸ್ಪೆನ್ಸ್ ತರೋದು ಹೇಗೆ?

ಸಂಪಾದಕರು: ಮೇಲೆ ಓದಿ.

ದಾವಣಗೆರೆ ಸದಸ್ಯ: *ಫಾರ್ವರ್ಡ್* ಸಸ್ಪೆನ್ಸಿಗೆ 7 ಗುಟ್ಟು! ಪ್ರತಿ ಅಧ್ಯಾಯದ ಕೊನೆಗೆ ಬಾಗಿಲು ಬಡಿಯಲಿ! 10 ಗುಂಪಿಗೆ ಕಳಿಸಿ!

ಸಂಪಾದಕರು: ಇದು ಮತ್ತೆ ಬಂತಾ? ಬಾಗಿಲು ತೆಗೆದರೆ ಹಾಲಿನವನು ನಿಂತಿದ್ದಾನೆ ಅಂದ್ರೆ ಓದುಗ ಒಂದು ಸಲ ನಗುತ್ತಾನೆ. ಎರಡನೇ ಸಲ ಪುಸ್ತಕ ಪಕ್ಕಕ್ಕಿಡುತ್ತಾನೆ. ದಯವಿಟ್ಟು ಯಾರೂ ಇದನ್ನು ಪಾಲಿಸಬೇಡಿ. ಕಳಿಸಲೂ ಬೇಡಿ.

ತುಮಕೂರಿನ ಸದಸ್ಯೆ: ವಾರದ ಧಾರಾವಾಹಿಗೆ ಕಂತಿಗೆ ಎಷ್ಟು ಪದ ಇರಬೇಕು ಸರ್?

ಬಳ್ಳಾರಿಯ ಸದಸ್ಯ: ಕೊಲೆಗಾರ ಮೊದಲೇ ಗೊತ್ತಾದ್ರೆ ಓದೋದೇನು? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಮೊದಲ ಪುಟದಲ್ಲೇ ಕಳ್ಳನ ಹೆಸರು ಹೇಳ್ತಿದ್ನಾ?

ಶಿವಮೊಗ್ಗದ ಸದಸ್ಯ: ಅದು ಪತ್ತೇದಾರಿ ಸ್ವಾಮಿ. ಅಲ್ಲಿ ಯಾರು ಅನ್ನೋ ಕುತೂಹಲ. ಇಲ್ಲಿ ಏನಾಗುತ್ತೋ ಅನ್ನೋ ಭಯ.

ಬಳ್ಳಾರಿಯ ಸದಸ್ಯ: ನಿಮ್ಮನ್ನ ಯಾರು ಕೇಳಿದ್ರು?

ಶಿವಮೊಗ್ಗದ ಸದಸ್ಯ: ಗುಂಪಲ್ಲಿ ಹಾಕಿದ್ಮೇಲೆ ಎಲ್ಲರನ್ನೂ ಕೇಳಿದ ಹಾಗೇ.

ಬಳ್ಳಾರಿಯ ಸದಸ್ಯ: ನೀವು ಎಷ್ಟು ಪುಸ್ತಕ ಬರೆದಿದ್ದೀರಿ?

ಹಾಸನದ ಸದಸ್ಯೆ: ಸರ್, ಆ ಲೋಟದ ದೃಶ್ಯ ಎಷ್ಟು ಉದ್ದ ಎಳೀಬಹುದು?

ಸಂಪಾದಕರು: ಪ್ರತಿ ಪ್ಯಾರಾದಲ್ಲೂ ಲೋಟ ಮಗುವಿಗೆ ಹತ್ತಿರ ಬರಬೇಕು, ಇಲ್ಲ ದೂರ ಹೋಗಬೇಕು. ಅದು ನಿಂತಲ್ಲೇ ನಿಂತರೆ ಕತ್ತರಿಸಿ. ಸುಮ್ನೆ ಗೋಡೆ ಗಡಿಯಾರ, ನಾಯಿ ಊಳು ಹಾಕಿ ಪುಟ ತುಂಬಬೇಡಿ.

ಮೈಸೂರಿನ ಸದಸ್ಯ: ಮಳೆ ಇರಬಹುದಾ ಸರ್?

ಸಂಪಾದಕರು: ಬೇಡ. ಬಳ್ಳಾರಿ, ಶಿವಮೊಗ್ಗದವರು ಜಗಳ ಇನ್‌ಬಾಕ್ಸ್‌ನಲ್ಲಿ ಮುಂದುವರಿಸಿ.

ತುಮಕೂರಿನ ಸದಸ್ಯೆ: ಸರ್, ನನ್ನ ಪ್ರಶ್ನೆ??